ಬಾಯಿ ತುಂಬ ನೀರು

ಕಲಾವತಿ ರುಬ್ಬಿದ ಹಿಟ್ಟು ಅಡಿಗೆಮನೆಯ ಒಳಗೆ ಹೋಗಬಹುದಿತ್ತು. ಕಲಾವತಿ ಹೋಗಬಾರದಿತ್ತು.

ವಡಪಳನಿಯ ಮುರುಗನ್ ಗುಡಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರವಿದ್ದ ಮುಖ್ಯಪ್ರಾಣ ವಿಲಾಸ ಹೋಟೆಲಿನಲ್ಲಿ ಅದು ಕಟ್ಟಳೆ. ಹಿತ್ತಿಲಲ್ಲಿ ಒಂದು ತಗಡಿನ ಮಾಡು, ಮಾಡಿನ ಕೆಳಗೆ ರುಬ್ಬುವ ಕಲ್ಲು, ಕಲ್ಲಿನ ಮುಂದೆ ಅವಳು. ಬೆಳಕು ಹರಿಯುವ ಮೊದಲು ಕೂತರೆ ಮದ್ರಾಸಿನ ಬಿಸಿಲು ತಗಡು ಕಾಯಿಸಿ ಬೆನ್ನು ಸುಡುವ ತನಕ ಏಳುವ ಹಾಗಿಲ್ಲ. ಬಲಗೈ ಗುಂಡು ತಿರುಗಿಸಬೇಕು. ಎಡಗೈ ಉದ್ದನ್ನು ಗುಳಿಗೆ ತಳ್ಳಬೇಕು. ಒಂದು ಗಳಿಗೆ ಮನಸ್ಸು ಆಚೆ ಹೋದರೆ ಬೆರಳು ಉದ್ದಿನ ಜೊತೆ ಅರೆದುಹೋಗುತ್ತದೆ. ಅವಳ ಬೆರಳ ಸಂದುಗಳು ವರ್ಷವಿಡೀ ಹುಣ್ಣು. ನೆನೆದ ಹಿಟ್ಟು ತಾಗಿದರೆ ಉರಿ.

ತುಂಬಿದ ಪಾತ್ರೆಯನ್ನು ಹಿತ್ತಿಲ ಕಿಟಕಿಯಿಂದ ಒಳಗೆ ಕೊಡಬೇಕು. ಒಳಗಿನ ಭಟ್ಟರು ಅವಳ ಕೈ ತಾಗದ ಹಾಗೆ ಎತ್ತಿಕೊಳ್ಳುತ್ತಿದ್ದರು. ಹಸಿ ಹಿಟ್ಟಿಗೆ ಮೈಲಿಗೆ ಇಲ್ಲ, ಬೆಂದ ಇಡ್ಲಿಗೆ ಉಂಟು. ಈ ಶಾಸ್ತ್ರ ಬರೆದವರು ಯಾರೋ, ರುಬ್ಬುವ ಕೆಲಸ ತಮ್ಮ ಮೇಲೆ ಬಾರದ ಹಾಗೆ ಬರೆದಿದ್ದರು. ಆದರೆ ಅದೇ ಭಟ್ಟರು ಖಾಲಿ ಪಾತ್ರೆ ಹೊರಗೆ ಕೊಡುವಾಗ ಕೆಲವು ದಿನ ಅದರ ತಳದಲ್ಲಿ ಒಂದು ಚೂರು ಬೆಲ್ಲ ಇಟ್ಟಿರುತ್ತಿದ್ದರು. ಅದು ಬೇಬಿಗೆ.

ಬೇಬಿ ಅವಳ ಒಬ್ಬಳೇ ಮಗಳು. ಕಲಾವತಿ ಗಂಗೊಳ್ಳಿ ಕಡೆಯ ಮೊಗವೀರರವಳು, ಮೀನು ಹಿಡಿಯುವವರ ಮನೆತನ. ಗಂಡ ಕೃಷ್ಣರಾಜ ಇದೇ ಹೋಟೆಲಿನಲ್ಲಿ ಎಂಜಲೆಲೆ ಎತ್ತುತ್ತಿದ್ದ. ಕಾಮಾಲೆ ಹಿಡಿದು ಸತ್ತ. ಮಾಲೀಕ ಮಧ್ವರಾಜ ರಾಯರು ಅವಳಿಗೆ ಕಲ್ಲು ಕೊಟ್ಟರು, ಸೌದೆ ಕೊಟ್ಟಿಗೆಯ ಅರ್ಧವನ್ನು ಮಲಗಲು ಕೊಟ್ಟರು. ರಾಯರದು ದೊಡ್ಡ ಮನಸ್ಸು ಎಂದು ಎಲ್ಲರೂ ಹೇಳಿದರು. ಎಷ್ಟು ಸಲ ಹೇಳಿದರೆಂದರೆ ಅವಳೂ ನಂಬಿದಳು.

ಆ ಕಾಲದಲ್ಲಿ ಹೋಟೆಲು ನಡೆಯುತ್ತಿದ್ದದ್ದು ಬಾಯಿಂದ. ಚೀಟಿ ಇಲ್ಲ, ಪೆನ್ಸಿಲ್ ಇಲ್ಲ. ಗಿರಾಕಿ ಹೇಳಿದ್ದನ್ನು ಸಪ್ಲೈಯರ್ ಗಿರಾಕಿಗಳು ಕೂರುವ ಹಾಲಿನ ಮಧ್ಯದಿಂದ ಒಳಗೆ ಕೂಗಬೇಕು. ಭಟ್ಟರು ಮಡಿಯಲ್ಲಿರುವವರು, ಹೊರಗೆ ಬಂದು ನೋಡುವ ಹಾಗಿಲ್ಲ, ಕಿವಿಯಿಂದಲೇ ಅಡಿಗೆ. ಗಿರಾಕಿ ಎದ್ದು ಹೊರಟಾಗ ಅವನ ಲೆಕ್ಕವನ್ನೂ ಸಪ್ಲೈಯರೇ ಗಲ್ಲಾದ ಕಡೆಗೆ ಕೂಗಬೇಕು: "ಕನ್ನಡಕದ ಸ್ವಾಮಿ, ಆರಾಣೆ." ನಯಾ ಪೈಸೆ ಬಂದು ವರ್ಷಗಳಾಗಿದ್ದರೂ ಬಾಯಿಗೆ ಆಣೆಯೇ ರೂಢಿ.

ಈ ಕೂಗಿನಲ್ಲಿ ಕಿಟ್ಟಣ್ಣನನ್ನು ಮೀರಿಸುವವರಿರಲಿಲ್ಲ. ಕುಂದಾಪುರದ ಹತ್ತಿರದ ಬಡ ಬ್ರಾಹ್ಮಣ. ಸಪ್ಲೈಯರುಗಳಿಗೆಲ್ಲ ಹಿರಿಯ. ಎತ್ತರದ ಮೈ, ಗುಡಿಯ ಶಂಖದಂಥ ಗಂಟಲು. ಬೇಬಿ ಹಿತ್ತಿಲಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ನಿಂತು ಅವನ ಹಾಗೆಯೇ ಕೂಗುತ್ತಿದ್ದಳು.

"ಅಬ್ಬಿಗೊಂದ್ ಸ್ಟ್ರಾಂಗ್ ಕಾಫಿ, ಸಕ್ಕರೆ ಕಮ್ಮಿ."

ಒಳಗೆ ಅದು ಕೇಳಿಸಿದರೆ ಕಿಟ್ಟಣ್ಣ ನಿಜವಾಗಿಯೂ ಅವಳ ಅಮ್ಮನಿಗೆಂದು ಒಂದು ಲೋಟ ಕಾಫಿ ತಂದು ಕಲ್ಲಿನ ಪಕ್ಕ ಇಟ್ಟುಹೋಗುತ್ತಿದ್ದ.

"ರಾಯರ್ ಕಂಡ್ರೆ?" ಎಂದು ಕಲಾವತಿ ಹೆದರಿದರೆ, "ಆರ್ಡರ್ ಬಿದ್ದ್ ಮೇಲೆ ಕೊಡ್ದೆ ಇಪ್ಪುಕಾತ್ತಾ" ಎನ್ನುತ್ತಿದ್ದ.

ಬೇಬಿಗೆ ಮಾತೆಂದರೆ ಮಾತು. ಕಾಗೆಯ ಹತ್ತಿರ ತಮಿಳಿನಲ್ಲಿ, ಬೆಕ್ಕಿನ ಹತ್ತಿರ ಕನ್ನಡದಲ್ಲಿ. ಗುಂಡು ತಿರುಗಿಸುವ ತಾಯಿಗೆ ಕೈ ನೋವು ಮರೆಯುವುದು ಈ ಬಾಯಿಯಿಂದ.

ವಡಪಳನಿ, ಕೋಡಂಬಾಕ್ಕಂ ಕಡೆಯ ಕನ್ನಡದವರು ಸೇರಿ ಒಂದು ಪ್ರೈಮರಿ ಶಾಲೆ ನಡೆಸುತ್ತಿದ್ದರು. ಬಾಲಬೋಧಿನಿ ಎಂದು ಹೆಸರು. ಮಧ್ವರಾಜ ರಾಯರೇ ಕಮಿಟಿಯ ಅಧ್ಯಕ್ಷರು. ಹೆಡ್ ಮಾಸ್ತರು ಹರಿದಾಸರು, ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದ ಮನೆತನದವರು. ಮನೆಯಲ್ಲಿ ಆಡುವ ಕನ್ನಡಕ್ಕೆ ಅರ್ಧ ತಮಿಳು ಬೆರೆತಿತ್ತು, ಅದಕ್ಕೆ ಅವರಿಗೆ ನಾಚಿಕೆಯಿರಲಿಲ್ಲ. ನಾಚಿಕೆ ಇದ್ದದ್ದು ಬೇರೆಯವರ ಮಕ್ಕಳ ಬಾಯಿಯ ಬಗ್ಗೆ. ರಾಯರು ತಮ್ಮ ಕೆಲಸಗಾರರ ಮಕ್ಕಳಿಗೆ ಪುಕ್ಕಟೆ ಸೀಟು ಕೊಡಿಸಿದ್ದರು. ಆ ಮಕ್ಕಳು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಬೇಕು. ಮುಂದಿನ ಸಾಲುಗಳಲ್ಲಿ ಬ್ಯಾಂಕಿನವರ, ರೈಲ್ವೆ ಆಫೀಸಿನವರ, ಲಾಯರುಗಳ ಮಕ್ಕಳು. ರಾಯರ ಮೊಮ್ಮಗ ರಘುರಾಮ ಎಲ್ಲರಿಗಿಂತ ಮುಂದೆ.

ಅರವತ್ತಮೂರನೇ ಇಸವಿಯ ಜೂನಿನಲ್ಲಿ ಶಾಲೆ ತೆರೆದಾಗ ಹೊಸ ಸುದ್ದಿ ಬಂತು. ಮಧ್ಯಾಹ್ನದ ಊಟದ ಮೇಲೆ ಇಂಗ್ಲಿಷ್ ಅವರ್. ಆ ಹೊತ್ತಿನಲ್ಲಿ ಪುಟ್ಟ ಮಕ್ಕಳೂ ಇಂಗ್ಲಿಷಿನಲ್ಲೇ ಮಾತಾಡಬೇಕು. ಕಾನ್ವೆಂಟಿನ ಮಕ್ಕಳ ಮುಂದೆ ನಮ್ಮ ಮಕ್ಕಳು ತಲೆ ತಗ್ಗಿಸಬಾರದು ಎಂದು ರಾಯರು ಸಭೆಯಲ್ಲಿ ಹೇಳಿದರಂತೆ.

ಕಲಾವತಿಗೆ ಸಂತೋಷವಾಯಿತು. ನಿಜವಾದ ಸಂತೋಷ. ಇಂಗ್ಲಿಷ್ ಬಂದರೆ ಮಗಳು ಕಲ್ಲಿನ ಮುಂದೆ ಕೂರಬೇಕಾಗಿಲ್ಲ. ಗಾಳಿ ಬರುವ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಬಹುದು. ಬೆರಳುಗಳು ಒಣಗಿ ಇರುತ್ತವೆ. ಅವಳು ಬೇಬಿಯ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದು, ಕೈಗೆ ಅಂಟಿದ ಹಿಟ್ಟಿನ ವಾಸನೆ ಮಗಳ ಲಂಗಕ್ಕೆ ಹತ್ತದ ಹಾಗೆ ಎರಡೆರಡು ಸಲ ಕೈ ತೊಳೆದು ಕಳಿಸಿದಳು.

"ಮಾಸ್ತರ್ ಹೇಳ್ದಾಂಗೆ ಕೇಣ್ ಮಗಾ," ಅಂದಳು.

ಆ ಮಾತನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಬೇಬಿ ಮಾತು ಕಮ್ಮಿ ಮಾಡಿದಳು. ಮೊದಲು ಕಾಗೆಯ ಹತ್ತಿರ ನಿಂತಿತು. ಆಮೇಲೆ ಬೆಕ್ಕಿನ ಹತ್ತಿರ. ಬುಟ್ಟಿಯ ಮೇಲೆ ನಿಂತು ಕೂಗುವುದು ನಿಂತಿತು. ಹುಡುಗಿ ಶಿಸ್ತು ಕಲಿಯುತ್ತಿದ್ದಾಳೆ ಎಂದುಕೊಂಡಳು ತಾಯಿ. ಹಿತ್ತಿಲಿಗೆ ಬಂದ ಕಿಟ್ಟಣ್ಣ, "ಎಂತ ಹೆಣ್ಣೆ, ಈಗೀಗ ಆರ್ಡರೇ ಇಲ್ಲೆ? ವ್ಯಾಪಾರ ಬಿತ್ತಾ?" ಎಂದು ಕೇಳಿದ. ಬೇಬಿ ಅವನ ಮುಖ ನೋಡಿದಳು. ತುಟಿ ಬಿಚ್ಚಲಿಲ್ಲ.

ಒಂದು ಸಂಜೆ ಬೇಬಿ ಶಾಲೆಯಿಂದ ಬಂದಳು. ನೆಗಡಿಯಾಗಿ ಮೂಗು ಕಟ್ಟಿತ್ತು. ಕಲಾವತಿ ಕುಡಿಯಲು ನೀರು ಕೊಟ್ಟಳು. ಬೇಬಿ ಬಾಯಿ ತುಂಬ ತೆಗೆದುಕೊಂಡಳು. ನುಂಗಲಿಲ್ಲ. ಕೆನ್ನೆ ಉಬ್ಬಿಸಿ, ಕೈ ಕಟ್ಟಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕಣ್ಣು ಬಾಗಿಲಿನ ಮೇಲೆ.

"ನುಂಗ್ ಮಗಾ."

ಬೇಬಿ ತಲೆ ಅಲ್ಲಾಡಿಸಿದಳು.

"ನುಂಗ್. ಎಂತ ಆಟ ಇದ್?"

ಆಟವಾಗಿರಲಿಲ್ಲ. ಮೂಗು ಕಟ್ಟಿದ ಮಗು, ಬಾಯಲ್ಲಿ ನೀರು. ಉಸಿರು ಎಲ್ಲಿಂದ ಬರಬೇಕು? ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ತುಂಬಿತು. ಆದರೂ ನುಂಗಲಿಲ್ಲ, ಉಗುಳಲಿಲ್ಲ. ಮುರುಗನ ಗುಡಿಯಲ್ಲಿ ಸಂಜೆಯ ಗಂಟೆ ಹೊಡೆಯಿತು. ಗಂಟೆ ಕೇಳಿದ್ದೇ ತಡ ಬೇಬಿ ಚರಂಡಿಯ ಹತ್ತಿರ ಓಡಿ ನೀರು ಉಗುಳಿ, ಏದುಸಿರು ಬಿಡುತ್ತ ಕೂತಳು.

ಕಲಾವತಿ ಅವಳ ಬೆನ್ನು ನೀವುತ್ತ ಕೂತಳು.

ಮರುದಿನ ಮಧ್ಯಾಹ್ನ ಅವಳು ಉದ್ದನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಹಿಟ್ಟಿನ ಕೈಯಲ್ಲೇ ಶಾಲೆಗೆ ಹೋಗಿ ಕಿಟಕಿಯ ಹೊರಗೆ ನಿಂತಳು.

ಮುಂದಿನ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಇಂಗ್ಲಿಷಿನಲ್ಲಿ ಏನೋ ಒಪ್ಪಿಸುತ್ತಿದ್ದರು. ರಘುರಾಮ ಎರಡು ಮಾತು ಹೇಳಿ ತಡವರಿಸಿದ. ಮಾಸ್ತರು ನಕ್ಕು ಅವನ ಬೆನ್ನು ತಟ್ಟಿದರು. ಹಿಂದೆ, ಗೋಡೆಗೆ ಒರಗಿ, ಹೋಟೆಲಿನ ಮಕ್ಕಳು ನಿಂತಿದ್ದರು. ಸಪ್ಲೈಯರ ಮಗ, ಎಲೆ ತೆಗೆಯುವವನ ಮಕ್ಕಳು, ಬೇಬಿ. ಎಲ್ಲರ ಕೆನ್ನೆಯೂ ಉಬ್ಬಿತ್ತು. ಎಲ್ಲರ ಕಾಲ ಹತ್ತಿರವೂ ಒಂದೊಂದು ಲೋಟ.

ಚಿಕ್ಕ ತರಗತಿಯ ಟೀಚರು ಜಾನಕಮ್ಮ ಆ ಸಾಲಿನ ಹತ್ತಿರ ಓಡಾಡುತ್ತಿದ್ದರು. ತಲೆ ನರೆತ ಹೆಂಗಸು. ಮಾಸ್ತರು ಬೋರ್ಡಿನ ಕಡೆ ತಿರುಗಿದಾಗ ಅವರು ಬೇಬಿಯ ಹತ್ತಿರ ಬಗ್ಗಿ, "ನುಂಗಿಬಿಡು ಕಂದಾ, ನಾ ನೋಡ್ಲಿಲ್ಲ" ಎಂದು ಪಿಸುಗುಟ್ಟಿದ್ದು ಕಿಟಕಿಯ ಹೊರಗಿದ್ದ ಕಲಾವತಿಗೆ ಕೇಳಿಸಿತು. ಜಾನಕಮ್ಮನ ಸೆರಗು ಬೇಬಿಯ ಮೂಗು ಒರೆಸಿತು. ಆ ದಯೆಗೆ ಕೈ ಇತ್ತು. ಬಾಯಿ ಇರಲಿಲ್ಲ.

ಬೇಬಿ ನುಂಗಿದಳು. ಗಂಟಲು ಅಲುಗಿದ್ದನ್ನು ಮಾಸ್ತರು ಕಂಡರು.

"ನೋ ಸ್ಪಿಲ್ಲಿಂಗ್. ನೋ ಸ್ವಾಲೋಯಿಂಗ್," ಅಂದರು. ದಿನವೂ ಹೇಳುವ ಮಂತ್ರದ ಹಾಗೆ. ಬಂದು ಅವಳ ಲೋಟವನ್ನು ಮೂಲೆಯ ಕೊಡದ ನೀರಿನಿಂದ ತುಂಬಿಸಿ ಮುಂದೆ ಹಿಡಿದರು. "ಅಗೇನ್."

ಬೇಬಿ ಕುಡಿದು ಬಾಯಲ್ಲಿ ಹಿಡಿದಳು. ಕೆಮ್ಮು ಬಂತು. ನೀರು ಮೂಗಿನಿಂದ ಬಂತು, ಲಂಗದ ಮೇಲೆ ಬಿತ್ತು. ಮಾಸ್ತರ ರೂಲು ಅವಳ ಮೊಣಕಾಲಿನ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಅಗೇನ್."

ಕಲಾವತಿ ಬಾಗಿಲಿಗೆ ಬಂದಳು.

"ಅಲ್ಲೇ ನಿಲ್ಲು," ಅಂದರು ಹರಿದಾಸ ಮಾಸ್ತರು. "ಯಾರಮ್ಮ ನೀನು? ಓ, ಹೋಟೆಲ್ ಹಿತ್ತಲಿನವಳಾ."

"ಹೆಣ್ಣಿಗ್ ಶೀತ ಆಯಿತ್ ಮಾಸ್ತರೇ. ಉಸ್ರು ಕಟ್ತ್. ಬಾಯಂಗೆ ನೀರ್ ಎಂತಕೆ?"

ಮಾಸ್ತರು ತಾಳ್ಮೆಯಿಂದಲೇ ವಿವರಿಸಿದರು. ಅದೇ ಅವಳನ್ನು ಹೆಚ್ಚು ಸುಟ್ಟಿತು.

"ಇಲ್ಲಿ ಪಾರು, ಇಲ್ಲಿ ನೋಡು. ಮುಂದಿನ ಮಕ್ಳ ಮನೆಯಲ್ಲಿ ಇಂಗ್ಲಿಷ್ ಪೇಪರ್ ಬರತ್ತೆ, ರೇಡಿಯೋ ಇದೆ. ಅವರು ಸೀಕ್ರಂ ಕಲೀತಾರೆ. ನಿಮ್ಮ ಮಕ್ಳು ಬಾಯಿ ತೆಗೆದ್ರೆ ಅಡುಪ್ಪಂಗರೆ ಭಾಷೆ. ಆ ಸದ್ದು ಇವರ ಕಿವಿಗೆ ಬಿದ್ರೆ ಇವರ ಇಂಗ್ಲಿಷೂ ಕೆಡತ್ತೆ. ಬಾಯಲ್ಲಿ ನೀರಿದ್ರೆ ಸದ್ದಿಲ್ಲ. ಕೇಳಿ ಕೇಳಿ ಕಲೀಲಿ, ಮೆದುವಾ, ನಿಧಾನಕ್ಕೆ. ಹೊಡೆಯೋದಕ್ಕಿಂತ ಇದು ಎವ್ವಳವೋ ಮೇಲು, ಇಲ್ಲವಾ?"

ಅಡುಪ್ಪಂಗರೆ ಅಂದರೆ ಒಲೆಯ ಮೂಲೆ. ಅದು ಅವಳಿಗೆ ಗೊತ್ತಿತ್ತು. ಒಲೆಯ ಮೂಲೆಗೂ ಅವಳಿಗೆ ಹೋಗಲು ಬಿಟ್ಟಿರಲಿಲ್ಲ ಎಂಬುದು ಮಾಸ್ತರಿಗೆ ಗೊತ್ತಿರಲಿಲ್ಲ.

"ಇದು ನನ್ನ ಯೋಚನೆ ಅಲ್ಲ," ಎಂದು ಮಾಸ್ತರು ಸೇರಿಸಿದರು. "ರಾಯರದು. ಅವರನ್ನ ಕೇಳು."

ಅವಳು ಕೇಳಿದಳು. ಗಲ್ಲಾದ ಮುಂದೆ ಅಲ್ಲ, ಅಲ್ಲಿಗೆ ಅವಳು ಹೋಗುವ ಹಾಗಿರಲಿಲ್ಲ. ರಾಯರು ಕೈ ತೊಳೆಯಲು ಹಿತ್ತಿಲಿಗೆ ಬಂದಾಗ.

"ಒಡೆಯಾ, ಆ ನೀರಿನ್ ಶಿಕ್ಷೆ ಒಂದ್ ಬಿಡಿಸ್ಕ್ ನೀವ್."

"ಶಿಕ್ಷೆ ಯಾರು ಹೇಳಿದ್ದು?" ರಾಯರಿಗೆ ನಿಜಕ್ಕೂ ಆಶ್ಚರ್ಯ. "ನಮ್ಮ ಅಜ್ಜಿ ದೇವರ ನೈವೇದ್ಯ ಮಾಡಿಸುವಾಗ ಅಡಿಗೆಯವಳ ಬಾಯಲ್ಲಿ ನೀರು ಹಿಡಿಸುತ್ತಿದ್ದರು. ಮಾತು ಬೀಳಬಾರದು, ಎಂಜಲು ಸಿಡಿಯಬಾರದು ಅಂತ. ಅದು ಶುದ್ಧ. ವಿದ್ಯೆ ಸಹ ನೈವೇದ್ಯವೇ ಅಲ್ವಾ?"

"ಹೆಣ್ಣ್ ಸಾಯ್ತ್ ಒಡೆಯಾ."

ರಾಯರು ಪಂಚೆಯಂಚಿನಿಂದ ಕೈ ಒರೆಸಿಕೊಂಡರು. "ಕಷ್ಟ ಆದರೆ ಬಿಡಿಸು. ಕಲ್ಲು ತಿರುಗಿಸ್ಲಿಕ್ಕೆ ಇಂಗ್ಲಿಷ್ ಬೇಡ. ಪುಕ್ಕಟೆ ಕೊಟ್ಟದ್ದಕ್ಕೆ ನಾಲಗೆ ಉದ್ದ ಆಗ್ತದೆ. ಕೊಟ್ಟಿಗೆಗೆ ಸಹ ಜನ ಕಾಯ್ತಾ ಇದ್ದಾರೆ, ನೆನಪಿರ್ಲಿ."

ಅವರ ಸಿಟ್ಟಿನಲ್ಲೂ ಏರುದನಿ ಇರಲಿಲ್ಲ. ದೊಡ್ಡ ಮನಸ್ಸಿನವರು.

ಬೇಬಿಗೆ ಜ್ವರ ಬಂತು. ಜಾನಕಮ್ಮ ಒಂದು ಸೀಸೆಯಲ್ಲಿ ಕಷಾಯ ತಂದು ಹಿತ್ತಿಲ ಬಾಗಿಲಲ್ಲಿ ಕೊಟ್ಟು, ಕಲಾವತಿಯ ಮುಖ ನೋಡಲಾರದೆ ಹೋದರು. ಜ್ವರ ಇಳಿಯಿತು. ಮಾತು ಬರಲಿಲ್ಲ. ಆಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗಂಟಲಲ್ಲಿ ಏನೂ ಇಲ್ಲ, ಹೆದರಿದ್ದಾಳೆ, ಹೆದರಿಕೆ ಹೋದರೆ ಬರುತ್ತದೆ, ಬಹಳ ದಿನ ಹೀಗೇ ಬಿಟ್ಟರೆ ಹೇಳಲಾಗುವುದಿಲ್ಲ ಎಂದರು. ಹಸಿವಾದರೆ ಬೇಬಿ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದಳು. ನೀರು ಕೊಟ್ಟರೆ, ಶಾಲೆಯ ಗಂಟೆಗೆ ಕಾದ ಹಾಗೆ, ಗುಡಿಯ ಗಂಟೆಗೆ ಕಾಯುತ್ತಿದ್ದಳು.

ಕಲಾವತಿ ಗುಂಡು ತಿರುಗಿಸಿದಳು. ತಿರುಗಿಸುತ್ತ ಯೋಚಿಸಿದಳು. ಹಿಟ್ಟಿಗೆ ಸುಣ್ಣ ಹಾಕಬಹುದು. ಭಟ್ಟರು ಬೈಸಿಕೊಳ್ಳುತ್ತಾರೆ, ರಾಯರ ನಾಲಗೆಗೆ ಏನೂ ಆಗುವುದಿಲ್ಲ. ಕಲ್ಲು ಬಿಟ್ಟು ಹೋಗಬಹುದು. ಇನ್ನೊಬ್ಬಳು ಬಂದು ಕೂರುತ್ತಾಳೆ. ಅವಳಿಗೆ ಬೇಕಾದ್ದು ನ್ಯಾಯವಲ್ಲ. ನ್ಯಾಯ ಎಂದರೆ ಏನೆಂದು ಯಾರೂ ಅವಳಿಗೆ ತೋರಿಸಿರಲಿಲ್ಲ. ಮಗಳು ನಿಂತ ಹಾಗೆ ಆ ಮನುಷ್ಯ ನಿಲ್ಲಬೇಕು. ಎಲ್ಲರ ಮುಂದೆ. ಕೆನ್ನೆ ಉಬ್ಬಿಸಿಕೊಂಡು. ಮಗಳು ಅದನ್ನು ನೋಡಬೇಕು. ಅಷ್ಟೆ.

ಒಳಗಿನಿಂದ ಕಿಟ್ಟಣ್ಣನ ಕೂಗು ಕೇಳುತ್ತಿತ್ತು. ಅವಳ ಕೈ ನಿಂತಿತು.

ಅವನು ಕಾಫಿ ತಂದಾಗ ಅವಳು ಹೇಳಿದಳು: "ಕಿಟ್ಟಣ್ಣ, ನಿಮ್ ಬಾಯಿ ಬೇಕಿತ್ತ್."

"ರಾಯರ ಹತ್ರ ಮಾತಾಡ್ಕಾ? ಮಾತಾಡ್ತೆ. ಬೈದ್ರೆ ಬೈಲಿ."

"ಮಾತಾಡುಕೆ ಅಲ್ಲ. ಮುಚ್ಚುಕೆ."

ಅವಳು ಹೇಳಿದ್ದನ್ನು ಕಿಟ್ಟಣ್ಣ ಪೂರ್ತಿ ಕೇಳಿದ. ಕೇಳಿ ಬೇಬಿಯ ಬುಟ್ಟಿಯನ್ನು ನೋಡಿದ. ಊರಿನಲ್ಲಿ ಅವನಿಗೆ ತಾಯಿಯಿದ್ದಳು, ಮದುವೆಯಾಗದ ತಂಗಿಯಿದ್ದಳು. ಕೆಲಸ ಹೋದರೆ ಏನೆಂದು ಕಲಾವತಿ ಕೇಳಲಿಲ್ಲ. ಅವನೂ ಎತ್ತಲಿಲ್ಲ.

"ಆಡಿ ಕೃತ್ತಿಕೆ ದಿನ," ಅಂದ. "ಅವತ್ತ್ ಆದ್ರೆ ಸಮಾ."

ಆಡಿ ಕೃತ್ತಿಕೆ ಮುರುಗನ ಹಬ್ಬ, ಅವತ್ತು ವಡಪಳನಿಗೆ ಇಡೀ ಮದ್ರಾಸು ಬರುತ್ತದೆ. ಹಳದಿ ಬಟ್ಟೆ, ಕಾವಡಿ, ಬೋಳಿಸಿದ ತಲೆಗೆ ಗಂಧ. ದರ್ಶನ ಮುಗಿಸಿದವರೆಲ್ಲ ಹಸಿದು ಹೊರಗೆ ಬರುತ್ತಾರೆ. ಅವತ್ತಿಗೆ ರಾಯರು ಶಾಲೆಯ ಕಮಿಟಿಯವರನ್ನೂ ಹರಿದಾಸ ಮಾಸ್ತರನ್ನೂ ತಿಂಡಿಗೆ ಕರೆದಿದ್ದರು. ಗಲ್ಲಾದ ಪಕ್ಕದ ದೊಡ್ಡ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು.

ಕಲಾವತಿ ಎಂದಿನ ಹಾಗೆ ಎದ್ದು ಎಂದಿಗಿಂತ ಹೆಚ್ಚು ರುಬ್ಬಿದಳು. ಒಂದು ಹನಿ ಕಡಿಮೆ ಮಾಡಲಿಲ್ಲ. ಆಮೇಲೆ ಕೊಟ್ಟಿಗೆಗೆ ಹೋಗಿ ಇದ್ದ ಬಟ್ಟೆಬರೆಯನ್ನು ಗಂಟು ಕಟ್ಟಿ ಕಲ್ಲಿನ ಪಕ್ಕ ಇಟ್ಟಳು. ಕ್ರೋಂಪೇಟೆಯ ಚರ್ಮದ ಕಾರ್ಖಾನೆಯಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಎಂದು ಕೇಳಿದ್ದಳು. ನಾತದ ಕೆಲಸ. ಇರಲಿ. ನಾತ ಬಾಯಿ ಮುಚ್ಚಿಸುವುದಿಲ್ಲ.

ಗಿರಾಕಿಗಳಿಂದ ಹಾಲು ತುಂಬಿತು. ನಿಂತು ಕಾಯುವವರು ಬೀದಿಯ ತನಕ. ಕಿಟ್ಟಣ್ಣ ಹಾಲಿನ ಮಧ್ಯಕ್ಕೆ ಬಂದ, ನೀರಿನ ಜಗ್ಗಿನಿಂದ ಬಾಯಿ ತುಂಬ ನೀರು ತೆಗೆದುಕೊಂಡ, ಕೆನ್ನೆ ಉಬ್ಬಿಸಿದ. ಅವನು ಮೊದಲೇ ಹೇಳಿಟ್ಟಿದ್ದ ಉಳಿದ ಸಪ್ಲೈಯರುಗಳೂ ತೆಗೆದುಕೊಂಡರು. ಎಲೆ ಎತ್ತುವವರೂ.

ಯಾರೂ ಕೆಲಸ ನಿಲ್ಲಿಸಲಿಲ್ಲ. ಕಾಲು ಓಡುತ್ತಿತ್ತು, ಕೈ ಮೇಜು ಒರೆಸುತ್ತಿತ್ತು, ಎಲೆ ಹಾಕುತ್ತಿತ್ತು. ಗಿರಾಕಿ ಹೇಳಿದ್ದಕ್ಕೆಲ್ಲ ಅವರು ವಿನಯದಿಂದ ತಲೆಯಾಡಿಸಿದರು. ಒಳಗೆ ಮಾತ್ರ ಒಂದು ಸೊಲ್ಲೂ ಹೋಗಲಿಲ್ಲ. ಭಟ್ಟರು ಕಾವಲಿ ಕಾಯಿಸಿಕೊಂಡು ಕಿವಿ ಕೊಟ್ಟು ನಿಂತರು. ಕೂಗಿಲ್ಲ. ಕೊನೆಗೆ ಗಾಬರಿಯಾಗಿ ತಮಗೆ ತೋಚಿದ್ದನ್ನು ಮಾಡಿ ಕೊಟ್ಟರು. ಪೂರಿ ಕೇಳಿದವನಿಗೆ ಉಪ್ಪಿಟ್ಟು ಬಂತು. ಕಾಫಿ ಕೇಳಿದವನಿಗೆ ಬರೀ ಚಟ್ನಿ ಬಂತು. ತಿಂದವರು ಎದ್ದು ಗಲ್ಲಾದ ಮುಂದೆ ನಿಂತರು. ಎಷ್ಟೆಂದು ಕೂಗುವವರಿಲ್ಲ. ಸ್ವಲ್ಪ ನಿಂತು ನೋಡಿ, ಮುರುಗನೇ ಕೊಟ್ಟನೆಂದು ಹಾಗೇ ಬೀದಿಗಿಳಿದರು.

"ಎನ್ನಯ್ಯಾ, ವಾಯಿಲೆ ಎನ್ನ ಕೊಳುಕ್ಕಟ್ಟೆಯಾ?" ಬಾಯಲ್ಲಿ ಕಡುಬಿದೆಯಾ ಎಂದು ಹತ್ತಿರದ ಸಿನಿಮಾ ಸ್ಟುಡಿಯೋದ ಲೈಟಿನವನೊಬ್ಬ ಕೇಳಿದ. ಹಾಲೆಲ್ಲ ನಕ್ಕಿತು. ಆಮೇಲೆ ನಗು ನಿಂತು ಮೇಜು ಕುಟ್ಟುವುದು ಶುರುವಾಯಿತು.

ರಾಯರು ಗಲ್ಲಾದಿಂದ ಇಳಿದು ಬಂದರು. "ಎಂತ ಆಗಿದೆ ನಿಮಗೆಲ್ಲ? ಹೇಳೋ ಕಿಟ್ಟ."

ಕಿಟ್ಟಣ್ಣ ಅವರ ಕಣ್ಣನ್ನೇ ನೋಡಿದ.

ರಾಯರು ಅವನ ಕೆನ್ನೆಗೆ ಹೊಡೆದರು. ಉಬ್ಬಿದ ಕೆನ್ನೆ. ನೀರೆಲ್ಲ ಚಿಮ್ಮಿ ರಾಯರ ಬಿಳಿ ಜುಬ್ಬದ ಮೇಲೆ ಬಿತ್ತು. ಕಿಟ್ಟಣ್ಣ ಅವಸರ ಮಾಡದೆ ಜಗ್ಗು ಎತ್ತಿ ಮತ್ತೆ ಬಾಯಿ ತುಂಬಿಸಿಕೊಂಡ.

ಆಗ ಹರಿದಾಸ ಮಾಸ್ತರಿಗೆ ಅರ್ಥವಾಯಿತು. ರಾಯರ ಕಿವಿಯಲ್ಲಿ ಏನೋ ಹೇಳಿದರು.

"ಹೊರಗೆ ಹೋಗಿ," ಅಂದರು ರಾಯರು. "ಎಲ್ಲರೂ. ಈಗಲೇ."

ಕೆಲಸದವರೆಲ್ಲ ಸೊಂಟದ ಟವೆಲು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟರು. ಬಾಗಿಲ ಕಡೆ ಹೆಜ್ಜೆ ಹಾಕಿದರು. ಹಸಿದ ಹಾಲು ಕೂಗಿಕೊಂಡಿತು. ಬಿಳಿ ಬಟ್ಟೆಯ ಮೇಜಿನಿಂದ ಲಾಯರೊಬ್ಬರು, "ರಾಯರೇ, ಏನು ಅಸಹ್ಯ ಇದು, ಬೇಗ ಮುಗಿಸಿ" ಎಂದರು. ರಾಯರು ಬಾಗಿಲಿಗೆ ಅಡ್ಡ ನಿಂತರು. ಬೆವರು ಇಳಿಯುತ್ತಿತ್ತು.

"ಯಾರು ಹೇಳಿಕೊಟ್ಟದ್ದು ಇದನ್ನು?"

"ನಾನ್," ಎಂದು ಹಿಂದಿನಿಂದ ಕೇಳಿಸಿತು.

ಕಲಾವತಿ ಹಿತ್ತಿಲಲ್ಲಿ ಆ ಪ್ರಶ್ನೆಗೇ ಕಾದಿದ್ದಳು. ಬೇಬಿಯ ಕೈ ಹಿಡಿದು ಹೊಸ್ತಿಲ ಮುಂದೆ ಒಂದು ಕ್ಷಣ ನಿಂತಿದ್ದಳು. ದಾಟಿದಳು. ಅಡಿಗೆಮನೆಯ ಒಳಗೆ ಇಷ್ಟು ಕತ್ತಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಭಟ್ಟರು ಬೆಚ್ಚಿ ಹಿಂದೆ ಸರಿದರು. ಕೂಗುತ್ತಾರೆ ಎಂದುಕೊಂಡಳು. ಭಟ್ಟರು ಬಗ್ಗಿ ದಾರಿಗಡ್ಡವಾಗಿದ್ದ ಎಣ್ಣೆ ಬಾಣಲೆಯನ್ನು ಪಕ್ಕಕ್ಕೆ ಎಳೆದರು. "ಬಿಸಿ ಉಂಟು. ಮಗುವಿನ ಕಾಲು ನೋಡಿಕೋ," ಅಂದರು. ಗೋಡೆಯ ಕಡೆ ತಿರುಗಿಕೊಂಡರು.

ಹಾಲಿನ ಮಧ್ಯದಲ್ಲಿ ಅವಳು ನಿಂತಳು. ಮೊಣಕೈ ತನಕ ಹಿಟ್ಟು ಒಣಗಿ ಬಿರಿದಿತ್ತು.

"ನೀನು ಒಳಗೆ..." ಅಂದರು ರಾಯರು.

"ಹೌದ್ ರಾಯರೇ. ಒಳ್ಗ್ ಬಂದೆ." ಅವಳು ಆ ಮನುಷ್ಯನನ್ನು ಒಡೆಯ ಎನ್ನದೆ ಕರೆದದ್ದು ಅದೇ ಮೊದಲು.

ರಾಯರು ಮೇಜು ಕುಟ್ಟುವವರ ಕಡೆ ನೋಡಿದರು. "ನಾಳೆಯಿಂದ ಶಾಲೆಯಲ್ಲಿ ಆ ನೀರು ಇಲ್ಲ. ಮಾಸ್ತರೇ, ಕೇಳಿತಲ್ಲ? ಆಯ್ತಾ? ಇನ್ನು ಹೋಗು.  ಕಿಟ್ಟ, ಕೂಗು."

ಕಿಟ್ಟಣ್ಣ ಕಲಾವತಿಯನ್ನು ನೋಡಿದ. ಬಾಯಿ ಬಿಚ್ಚಲಿಲ್ಲ.

"ಅದ್ ನಾಳೆ ಮಾತ್," ಅಂದಳು ಕಲಾವತಿ. "ಇವತ್ತಿಂದ್ ಒಂದಿತ್ತ್." ಮೇಜಿನ ಮೇಲಿದ್ದ ಲೋಟ ಎತ್ತಿ, ಹಿಟ್ಟಿನ ಕೈಯಿಂದಲೇ ಜಗ್ಗು ಬಗ್ಗಿಸಿ ತುಂಬಿಸಿದಳು. ರಾಯರ ಮುಂದೆ ಹಿಡಿದಳು. "ತಕಣಿ. ನುಂಗುಕಾಗ. ಚೆಲ್ಲುಕಾಗ. ಕಿಟ್ಟಣ್ಣ ಇಡೀ ಹಾಲಿನ್ ಆರ್ಡರ್ ಕೂಗಿ ಮುಗ್ಸುವರೆಗೆ."

"ನಿನ್ನ ಕೈಯ ನೀರು?"

"ನನ್ ಕೈ ಹಿಟ್ಟ್ ತಿಂದ್ ಬೆಳ್ದ್ ಮೈ ಅಲ್ದಾ ಅದ್."

"ಕೇಳಮ್ಮಾ," ಎಂದು ಹರಿದಾಸ ಮಾಸ್ತರು ಎದ್ದರು. "ಮಗು ಮುಂದೆ ಹೀಗೆ..."

"ಕೂಕಣಿ ಮಾಸ್ತರೇ. ನಿಮ್ಗೂ ಇತ್ತ್ ಲೋಟ."

ಮಾಸ್ತರು ಕೂತರು.

ತಮಿಳಿನವರಿಗೆ ಮಾತು ಅರ್ಥವಾಗದಿದ್ದರೂ ಲೋಟ ಅರ್ಥವಾಗಿತ್ತು. ಕಾವಡಿ ಹೊತ್ತು ಬಂದ ಮುದುಕನೊಬ್ಬ, "ವಾಂಗಿಕ್ಕೋಂಗೊ ಸಾಮಿ, ಪಸಿಕ್ಕುದು" ಎಂದ. ತಗೊಳ್ಳಿ ಸ್ವಾಮಿ, ಹಸಿವಾಗ್ತಿದೆ. ಹಾಲಿಗೆ ಹಾಲೇ ಅದನ್ನು ಹಿಡಿದುಕೊಂಡಿತು. ವಾಂಗಿಕ್ಕೋಂಗೊ ಸಾಮಿ. ಮೇಜುಗಳು ತಾಳ ಹಾಕಿದವು.

ರಾಯರು ಸುತ್ತ ನೋಡಿದರು. ಕಮಿಟಿಯವರು ಎಲೆಯ ಮೇಲೆ ಕಣ್ಣಿಟ್ಟಿದ್ದರು. ಬಾಗಿಲಲ್ಲಿ ಸಪ್ಲೈಯರುಗಳು, ಉಬ್ಬಿದ ಕೆನ್ನೆಗಳು. ರಾಯರು ಲೋಟ ತೆಗೆದುಕೊಂಡರು. ಎತ್ತಿ ಸುರಿದುಕೊಳ್ಳಲು ಹೋದರು, ನೀರು ಚೆಲ್ಲುವಂತಾಗಿ ತುಟಿಗೆ ಕಚ್ಚಿ ಕುಡಿಯಬೇಕಾಯಿತು. ಕೆನ್ನೆ ಉಬ್ಬಿತು.

ಕಿಟ್ಟಣ್ಣ ತನ್ನ ಬಾಯಿಯ ನೀರನ್ನು ಬಾಗಿಲಾಚೆ ಉಗುಳಿ ಬಂದ. ಗಂಟಲು ಸರಿಮಾಡಿಕೊಂಡ. ಮೇಜಿನ ಮೇಲಿಟ್ಟ ಟವೆಲು ಎತ್ತಿ ಕೊಡವಿ ಹೆಗಲಿಗೆ ಹಾಕಿದ. ಮೂಲೆಯ ಮೇಜಿನಿಂದ ಶುರುಮಾಡಿದ.

"ಕಾವಡಿ ಸಾಮಿಗೆ ಇಡ್ಲಿ ಎರಡು, ಸಾಂಬಾರು ಜಾಸ್ತಿ... ಅಮ್ಮನಿಗೆ ಪೊಂಗಲ್... ಲೈಟಿನವರಿಗೆ ಮಸಾಲೆ, ಗರಿಗರಿ..."

ಅವನು ಎಂದೂ ಅಷ್ಟು ನಿಧಾನವಾಗಿ ಕೂಗಿರಲಿಲ್ಲ. ಒಂದೊಂದು ಮೇಜಿನ ಹತ್ತಿರವೂ ನಿಂತು, ಮತ್ತೆ ಕೇಳಿ, ಸಕ್ಕರೆ ಎಷ್ಟೆಂದು ವಿಚಾರಿಸಿ ಕೂಗಿದ. ಒಳಗಿನಿಂದ ಭಟ್ಟರು ಒಂದೊಂದಕ್ಕೂ "ಆಯ್ತು" ಎಂದು ಉತ್ತರ ಕೊಟ್ಟರು.

ರಾಯರು ಗಲ್ಲಾದ ಮುಂದೆ ನಿಂತಿದ್ದರು. ಮೂಗು ಅರಳುತ್ತಿತ್ತು. ಕತ್ತಿನ ನರ ಎದ್ದಿತ್ತು. ಕಣ್ಣಲ್ಲಿ ನೀರು ಬಂತು. ಕಲಾವತಿ ನೋಡಿದಳು. ಕರುಣೆ ಬರಬಹುದೆಂದು ಒಂದು ಹೆದರಿಕೆ ಅವಳಿಗಿತ್ತು. ಬರಲಿಲ್ಲ. ಎದೆಯಲ್ಲಿ ತಣ್ಣಗಾಯಿತು.

ಬೇಬಿ ತಾಯಿಯ ಸೆರಗು ಬಿಟ್ಟಳು. ರಾಯರ ಮುಂದೆ ಹೋಗಿ ನಿಂತಳು. ಕತ್ತೆತ್ತಿ ಅವರ ಕೆನ್ನೆಯನ್ನೇ ನೋಡಿದಳು. ತನ್ನದೇ ಕೆನ್ನೆಯನ್ನು ಒಂದು ಸಲ ಮುಟ್ಟಿಕೊಂಡಳು.

ರಾಯರ ತುಟಿಯ ಮೂಲೆಯಿಂದ ಒಂದು ಹನಿ ಜಾರಿತು. ಬೇಬಿ ಬೆರಳೆತ್ತಿದಳು. ರಾಯರು ತಡೆಯಲಾರದೆ ಒಂದೇ ಗುಟುಕಿಗೆ ನುಂಗಿಬಿಟ್ಟರು. ಗಂಟಲು ಅಲುಗಿತು. ಕಿಟ್ಟಣ್ಣನ ಕೂಗು ಅರ್ಧಕ್ಕೆ ನಿಂತಿತು. ಬಿಳಿ ಬಟ್ಟೆಯ ಮೇಜಿನಲ್ಲಿ ಹರಿದಾಸ ಮಾಸ್ತರು ಕಣ್ಣು ಮುಚ್ಚಿಕೊಂಡರು.

ಬೇಬಿ ರಾಯರ ಕೈಯಿಂದ ಲೋಟ ತೆಗೆದುಕೊಂಡಳು. ಜಗ್ಗು ಭಾರವಾಗಿತ್ತು. ಎದೆಗೆ ಆನಿಸಿಕೊಂಡು ಬಗ್ಗಿಸಿದಳು. ಅಂಚಿನ ತನಕ ತುಂಬಿಸಿದಳು, ಒಂದು ಹನಿ ಹೊರಗೆ ಬೀಳಲಿಲ್ಲ. ಅದನ್ನು ಅವಳು ಚೆನ್ನಾಗಿ ಕಲಿತಿದ್ದಳು. ಎರಡೂ ಕೈಯಲ್ಲಿ ಎತ್ತಿ ರಾಯರ ಬಾಯಿಯ ಹತ್ತಿರ ಹಿಡಿದಳು.

"ಅಗೇನ್," ಅಂದಳು.